ಟ್ರೈನ್ ಸಿಮ್ಯುಲೇಟರ್ ಗೇಮ್‌ಗಳಲ್ಲಿ ಒಂದು ಬಗ್ ಸರಿ ಮಾಡೋಕೆ ಯಾಕಿಷ್ಟು ತಡ?

ಓದುಗರ ಪ್ರಶ್ನೆ: "ನಾನು ಹಾಸನದವನು ಸಾರ್. ಪಿಸಿಯಲ್ಲಿ ಟ್ರೈನ್ ಸಿಮ್ಯುಲೇಟರ್ ಆಡುತ್ತೇನೆ. ದುಡ್ಡು ಕೊಟ್ಟು ತಗೊಂಡ ಒಂದು ರೂಟ್‌ನಲ್ಲಿ ಸಿಗ್ನಲ್ ಕೆಂಪಾಗೇ ಉಳಿದುಬಿಡುತ್ತದೆ, ಗಾಡಿ ಮುಂದೆ ಹೋಗುವುದೇ ಇಲ್ಲ. ಕಂಪನಿಗೆ ಬರೆದು ತಿಂಗಳುಗಳೇ ಆದವು. ಅದನ್ನು ಸರಿ ಮಾಡಿಲ್ಲ, ಅಷ್ಟರಲ್ಲಿ ಹೊಸ ರೂಟ್ ಮಾರಾಟಕ್ಕೆ ಬಂತು. ಒಂದು ಬಗ್ ಸರಿ ಮಾಡೋದು ಅಷ್ಟು ಕಷ್ಟನಾ, ಇಲ್ಲ ಬೇಕಂತಲೇ ಬಿಟ್ಟಿದ್ದಾರಾ?"

ಎರಡೂ ನಿಜ. ಕೆಲವು ಬಗ್‌ಗಳು, ಅಂದರೆ ಪ್ರೋಗ್ರಾಂನಲ್ಲಿರುವ ತಪ್ಪುಗಳು, ನಿಜವಾಗಿಯೂ ಕಷ್ಟ, ಅವುಗಳಿಗೆ ಸಮಯ ಹಿಡಿಯುತ್ತದೆ. ಆದರೆ ನೀವು ಕಾಯುತ್ತಿರುವ ತಿಂಗಳುಗಳೆಲ್ಲ ಆ ಕಷ್ಟಕ್ಕೇ ಹೋಗುತ್ತಿಲ್ಲ. ಬಹಳಷ್ಟು ಕಾಲ ನಿಮ್ಮ ಬಗ್ ಸುಮ್ನೆ ಸರದಿಯಲ್ಲಿ ಕೂತಿರುತ್ತದೆ.

ನಿಮ್ಮ ಸಿಟ್ಟು ನ್ಯಾಯವಾದದ್ದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಗೇಮ್‌ನಲ್ಲಿ ಬಗ್ ಬಂದರೆ ಹತ್ತು ನಿಮಿಷದ ಆಟ ಹೋಗುತ್ತದೆ, ಮತ್ತೆ ಶುರು ಮಾಡಿದರೆ ಆಯಿತು. ರೈಲಿನ ಗೇಮ್ ಹಾಗಲ್ಲ. ಇಲ್ಲಿ ಗಡಿಯಾರ ನಿಜವಾದ ವೇಗದಲ್ಲೇ ಓಡುತ್ತದೆ. ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ 55 ಕಿಲೋಮೀಟರ್, 57 ಸುರಂಗ, 50ಕ್ಕೆ 1ರಷ್ಟು ಇಳಿಜಾರು. ಗಾಡಿ ಅಲ್ಲಿ ನಿಧಾನವಾಗಿಯೇ ಇಳಿಯಬೇಕು, ಎರಡು ಗಂಟೆಗೂ ಮೇಲೆ ಬೇಕು. ಅಂಥ ಒಂದು ಘಾಟ್ ಇಳಿಸಿಕೊಂಡು ಬಂದು, ಬ್ರೇಕ್ ಪೈಪಿನ ಒತ್ತಡ ತೋರಿಸುವ ಮುಳ್ಳಿನ ಮೇಲೆಯೇ ಕಣ್ಣಿಟ್ಟು ಕೂತು, ಕೊನೆಯ ಸ್ಟೇಷನ್ನಿನ ಹೊರಗೆ ಸಿಗ್ನಲ್ ಸಿಗದೆ ನಿಂತರೆ ಒಂದು ಸಂಜೆ ಪೂರ್ತಿ ಹಾಳು. ಮಧ್ಯದಲ್ಲಿ ಸೇವ್ ಮಾಡಿದ್ದರೂ ಗ್ಯಾರಂಟಿ ಇಲ್ಲ. ಎಲ್ಲ ಗಾಡಿಗಳು, ಎಲ್ಲ ಸಿಗ್ನಲ್, ಹಳಿ ಬದಲಿಸುವ ಪಾಯಿಂಟ್, ಪ್ರತಿ ಬೋಗಿಯ ಬ್ರೇಕ್ ಆ ಕ್ಷಣದಲ್ಲಿ ಹೇಗಿದ್ದವೋ ಹಾಗೇ ಬರೆದಿಟ್ಟುಕೊಂಡು ಮತ್ತೆ ಹಾಗೇ ನಿಲ್ಲಿಸಬೇಕು. ಇಂಥ ಗೇಮ್‌ಗಳಲ್ಲಿ ಸೇವ್‌ನ ಬಗ್ಗೆ ದೂರು ಜಾಸ್ತಿ ಬರುವುದು ಅದಕ್ಕೇ.

ಈಗ ನಿಮ್ಮ ಕೆಂಪು ಸಿಗ್ನಲ್‌ಗೆ ಬರೋಣ. ಯಾರೋ ನಮ್ಮ ಘಾಟ್ ರೂಟನ್ನೇ ಗೇಮ್‌ಗೆ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಸಿಂಗಲ್ ಲೈನ್, ಹೋಗೋಕೂ ಬರೋಕೂ ಒಂದೇ ಹಳಿ. ಎದುರುಬದುರಿನ ಗಾಡಿಗಳು ಸ್ಟೇಷನ್‌ನಲ್ಲಿ ಮಾತ್ರ ಒಂದನ್ನೊಂದು ದಾಟಬೇಕು, ಅದೇ ಕ್ರಾಸಿಂಗ್. ಸಕಲೇಶಪುರ ಬಿಟ್ಟರೆ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು. ನೀವು ಗೂಡ್ಸ್ ಗಾಡಿ ತಗೊಂಡು ಇಳಿಯುತ್ತಿದ್ದೀರಿ, ಎದುರಿನಿಂದ ಗಾಡಿಗಳು ಹತ್ತುತ್ತಿವೆ. ನಿಮ್ಮ ಕ್ರಾಸಿಂಗ್ ಕಡಗರವಳ್ಳಿಯಲ್ಲಿ ಆಗಬೇಕು ಅಂತ ಗೇಮ್‌ನ ಟೈಮ್‌ಟೇಬಲ್‌ನಲ್ಲಿ ಬರೆದಿದೆ. ನೀವು ಹೊಸಬರು, ಹುಷಾರಾಗಿ ಬ್ರೇಕ್ ಹಿಡಿದು ಬಂದಿರಿ, ದೋಣಿಗಲ್ ತಲುಪುವಾಗ ಆರು ನಿಮಿಷ ತಡ. ಅಷ್ಟರಲ್ಲಿ ಎದುರಿನಿಂದ ಒಂದರ ಹಿಂದೆ ಒಂದು ಎರಡು ಗಾಡಿ ಬಂದು ಕಡಗರವಳ್ಳಿಯ ಲೈನ್‌ಗಳನ್ನೆಲ್ಲ ಹಿಡಿದು ನಿಂತುಬಿಟ್ಟವು. ಅವು ನಿಮಗಾಗಿ ಕಾಯುತ್ತಿವೆ. ನಿಮಗೆ ಅಲ್ಲಿ ಜಾಗ ಇಲ್ಲ, ಹಾಗಾಗಿ ದೋಣಿಗಲ್‌ನ ಸ್ಟಾರ್ಟರ್, ಅಂದರೆ ಸ್ಟೇಷನ್ ಬಿಟ್ಟು ಹೊರಡಲು ಇರುವ ಸಿಗ್ನಲ್, ಕೆಂಪು. ಯಾರೂ ಅಲ್ಲಾಡುವ ಹಾಗಿಲ್ಲ. ನಿಜವಾದ ರೈಲ್ವೆಯಲ್ಲಿ ಆ ಭಾಗದ ಗಾಡಿಗಳ ಓಟ ನೋಡಿಕೊಳ್ಳುವ ಸೆಕ್ಷನ್ ಕಂಟ್ರೋಲರ್ ಇದನ್ನು ಮೊದಲೇ ನೋಡಿ ಕ್ರಾಸಿಂಗನ್ನು ದೋಣಿಗಲ್‌ಗೆ ಬದಲಾಯಿಸಿಬಿಡುತ್ತಿದ್ದರು. ಗೇಮ್ ಒಳಗಿನ ಕಂಟ್ರೋಲರ್ ಒಂದು ಪ್ರೋಗ್ರಾಂ. ಅದಕ್ಕೆ ಹೇಳಿಕೊಟ್ಟಷ್ಟೇ ಗೊತ್ತು.

ನೀವು "ಸಿಗ್ನಲ್ ಕೆಂಪಲ್ಲೇ ಇರುತ್ತೆ, ಸರಿ ಮಾಡಿ" ಅಂತ ಬರೆಯುತ್ತೀರಿ. ಅಲ್ಲಿ ಟೆಸ್ಟ್ ಮಾಡುವವನು ಅದೇ ಗಾಡಿ ಓಡಿಸುತ್ತಾನೆ. ಅವನಿಗೆ ರೂಟ್ ಬಾಯಿಪಾಠ, ದೋಣಿಗಲ್‌ಗೆ ಟೈಮಿಗೆ ಸರಿಯಾಗಿ ಬರುತ್ತಾನೆ, ಎಲ್ಲ ಹಸಿರು. "ಇಲ್ಲಿ ತೊಂದರೆ ಕಾಣಿಸಲಿಲ್ಲ" ಅಂತ ಬರೆದು ನಿಮ್ಮ ದೂರನ್ನು ಮುಚ್ಚಿಬಿಡುತ್ತಾರೆ. ಅವನು ಸುಳ್ಳು ಹೇಳಿಲ್ಲ, ನೀವೂ ಹೇಳಿಲ್ಲ. ಆರು ನಿಮಿಷ ತಡ ಅನ್ನುವ ಒಂದು ಮಾತು ಮಾತ್ರ ಅವನಿಗೆ ತಲುಪಲಿಲ್ಲ. ಸಿಮ್ಯುಲೇಟರ್ ಬಗ್‌ಗಳಲ್ಲಿ ತುಂಬಾ ಸಮಯ ತಿನ್ನುವುದು ಈ ಹುಡುಕಾಟವೇ. ಮತ್ತೆ ಮತ್ತೆ ಬರಿಸಿ ನೋಡಲು ಆಗದ ಬಗ್ಗನ್ನು ಯಾರೂ ಸರಿ ಮಾಡಲಾರರು. ಕಾರಣ ಸಿಕ್ಕಿದ ಮೇಲೂ ಕೆಲಸ ಮುಗಿಯುವುದಿಲ್ಲ, ಯಾಕೆಂದರೆ ಆ ಕಂಟ್ರೋಲರ್ ಪ್ರೋಗ್ರಾಂ ಒಂದೇ ರೂಟ್‌ನದಲ್ಲ, ಎಲ್ಲ ರೂಟ್‌ಗಳಲ್ಲೂ ಅದೇ ಕೂತಿರುತ್ತದೆ, ಇಲ್ಲಿ ಒಂದು ಸಾಲು ಬದಲಾಯಿಸಿದರೆ ಇನ್ನೆಲ್ಲೋ ಸರಿಯಾಗಿ ಓಡುತ್ತಿದ್ದ ಗಾಡಿ ನಿಂತುಹೋಗಬಹುದು.

ಇನ್ನೊಂದು ಬಗ್ ನೀವೂ ನೋಡಿರಬಹುದು. ರೂಟ್ ಶುರುವಿನಲ್ಲಿ ಎಲ್ಲ ಚೆನ್ನಾಗಿರುತ್ತದೆ, ದೂರ ಹೋದ ಹಾಗೆ ಎಂಜಿನ್ನಿನ ಚಾಲಕರ ಕ್ಯಾಬ್ ಸಣ್ಣಗೆ ನಡುಗುತ್ತದೆ, ಮೀಟರ್ ಮುಳ್ಳು ಅದುರುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಳಾಯಿತು ಅಂತ ಎಷ್ಟೋ ಜನ ಹೆದರುತ್ತಾರೆ. ಕಾರ್ಡ್‌ನದ್ದು ತಪ್ಪಿಲ್ಲ. ಗೇಮ್ ಪ್ರತಿ ವಸ್ತುವಿನ ಜಾಗವನ್ನು ಒಂದು ಮೂಲ ಬಿಂದುವಿನಿಂದ ಎಷ್ಟು ದೂರ ಅಂತ ಲೆಕ್ಕ ಇಡುತ್ತದೆ. ಆ ಲೆಕ್ಕ ಸಾಮಾನ್ಯವಾಗಿ 32 ಬಿಟ್ ಸಂಖ್ಯೆಯಲ್ಲಿ. ಬಿಂದುವಿನ ಹತ್ತಿರ ಇದ್ದಾಗ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುತ್ತದೆ, 100 ಕಿಲೋಮೀಟರ್ ದೂರ ಹೋದರೆ ಸುಮಾರು 8 ಮಿಲಿಮೀಟರ್‌ಗಿಂತ ಸಣ್ಣದನ್ನು ಹಿಡಿಯಲಾರದು. 8 ಮಿಲಿಮೀಟರ್ ಹೊರಗಿನ ಮರಕ್ಕೆ ಏನೂ ಅಲ್ಲ, ಕಣ್ಣೆದುರಿನ ಮೀಟರ್ ಮುಳ್ಳಿಗೆ ಬಹಳ ಜಾಸ್ತಿ. ಗಾಡಿಯ ಜೊತೆಗೇ ಮೂಲ ಬಿಂದುವನ್ನೂ ಸರಿಸುತ್ತಾ ಹೋಗುವುದು ಇದಕ್ಕೆ ಪರಿಹಾರ. ಹಾಗೆ ಸರಿಸಿದಾಗ ಹಳಿ, ಸಿಗ್ನಲ್, ಎದುರಿನ ಗಾಡಿ, ಸದ್ದು ಎಲ್ಲವೂ ಜೊತೆಗೇ ಸರಿಯಬೇಕು, ಒಂದು ಬಿಟ್ಟುಹೋದರೂ ಹೊಸ ಬಗ್. ಇಂಥದ್ದಕ್ಕೆ ತಿಂಗಳು ಹಿಡಿದರೆ ನಾನು ದೂರುವುದಿಲ್ಲ.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಲ್ಲಿ ಆಡುವವರಿಗೆ ಇನ್ನೂ ಸ್ವಲ್ಪ ಕಾಯುವುದಿದೆ. ಅಲ್ಲಿ ಬಗ್ ಸರಿಪಡಿಸುವ ಪ್ಯಾಚ್ ರೆಡಿಯಾದರೂ ಸೋನಿ, ಮೈಕ್ರೋಸಾಫ್ಟ್ ಪರೀಕ್ಷೆ ಮಾಡಿ ಒಪ್ಪಬೇಕು. ಪಿಸಿಯವರಿಗೆ ಮೊದಲು ಬಂದು ಇವರಿಗೆ ಆಮೇಲೆ ಬರುವುದು ಸಾಮಾನ್ಯ.

ಇದೆಲ್ಲ ಸರಿ. ಹಾರ್ನ್ ಸದ್ದು ಬೇರೆ ಎಂಜಿನ್ನಿನದು, ಸ್ಟೇಷನ್ ಬೋರ್ಡಿನಲ್ಲಿ ಹೆಸರು ತಪ್ಪು, ಪ್ಲಾಟ್‌ಫಾರಂ ಮೇಲೆ ಜನ ಗಾಳಿಯಲ್ಲಿ ತೇಲುತ್ತಿದ್ದಾರೆ, ಇವುಗಳಿಗೆ ಯಾಕೆ ತಡ? ಇಲ್ಲಿ ಉತ್ತರ ದುಡ್ಡು. ಗೇಮ್ ಒಂದು ಸಲ ಮಾರುತ್ತಾರೆ, ಆಮೇಲೆ ವರ್ಷಪೂರ್ತಿ ಸಂಬಳ ಹುಟ್ಟುವುದು ಆಡ್-ಆನ್‌ಗಳಿಂದ, ಅಂದರೆ ಬೇರೆಯಾಗಿ ಮಾರುವ ರೂಟ್, ಎಂಜಿನ್‌ಗಳಿಂದ. ಒಂದು ರೂಟ್ ಬಂದ ಹೊಸದರಲ್ಲಿ ಚೆನ್ನಾಗಿ ಮಾರಾಟವಾಗುತ್ತದೆ, ಬರಬರುತ್ತಾ ಇಳಿಯುತ್ತದೆ. ಹಳೆಯ ರೂಟಿನ ಬಗ್ ತೆಗೆದರೆ ಹೊಸದಾಗಿ ಒಂದು ರೂಪಾಯಿಯೂ ಬರುವುದಿಲ್ಲ, ಅದೇ ಜನರನ್ನು ಮುಂದಿನ ರೂಟ್‌ಗೆ ಹಾಕಿದರೆ ಬರುತ್ತದೆ. ಎಷ್ಟೋ ರೂಟ್‌ಗಳನ್ನು ಗೇಮ್ ಕಂಪನಿ ತಾನೇ ಮಾಡಿರುವುದೂ ಇಲ್ಲ, ಹೊರಗಿನ ತಂಡಕ್ಕೆ ಕೊಟ್ಟು ಮಾಡಿಸಿರುತ್ತದೆ. ಆ ತಂಡ ಬೇರೆ ಕೆಲಸಕ್ಕೆ ಹೋದ ಮೇಲೆ ಆ ಫೈಲುಗಳನ್ನು ಬಲ್ಲವರೇ ಇರುವುದಿಲ್ಲ.

ಇದು ಅರ್ಥವಾಗುವ ಲೆಕ್ಕ. ಒಪ್ಪುವ ಲೆಕ್ಕ ಅಲ್ಲ. ಮಾರಾಟದ ಪುಟದಲ್ಲಿ ಆ ರೂಟ್ ಇವತ್ತಿಗೂ ಇದೆ, ಇವತ್ತಿಗೂ ದುಡ್ಡು ತಗೊಳ್ಳುತ್ತಿದ್ದಾರೆ ಅಲ್ವಾ? ಹಾಗಿದ್ದರೆ ಅದನ್ನು ನೆಟ್ಟಗೆ ಇಡುವುದೂ ಅವರದ್ದೇ ಕೆಲಸ. ಆಗದಿದ್ದರೆ "ಈ ಬಗ್ ಇದೆ, ಇಂಥ ಸಮಯದವರೆಗೆ ಸರಿ ಮಾಡಲಾಗದು" ಅಂತ ಬರೆಯಲಿ. ಜನರಿಗೆ ಸಿಟ್ಟು ಬರುವುದು ಕಾದಿದ್ದಕ್ಕಿಂತ, ಉತ್ತರವೇ ಇಲ್ಲದೆ ಕಾದಿದ್ದಕ್ಕೆ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಗಾಡಿಗಳು ನಿಂತಾಗ ನಮಗೆಲ್ಲ ತೊಂದರೆ ಆಯಿತು. ಆದರೆ ಎಲ್ಲಿ ಕುಸಿದಿದೆ, ಯಾವ ಗಾಡಿ ರದ್ದು, ಯಾವುದು ಬೇರೆ ದಾರಿಯಲ್ಲಿ ಹೋಗುತ್ತದೆ ಅಂತ ರೈಲ್ವೆ ತಿಳಿಸುತ್ತಿತ್ತು. ಮಳೆಯಲ್ಲಿ ಕೆಲಸ ನಡೀತಿದೆ ಅಂತ ಗೊತ್ತಿದ್ದರೆ ಕಾಯುವುದು ಬೇರೆ.

ಹಾಗೆ ತೆರೆದಿಟ್ಟು ಕೆಲಸ ಮಾಡುವವರು ಗೇಮ್ ಲೋಕದಲ್ಲೂ ಇದ್ದಾರೆ. 2001ರಲ್ಲಿ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಬಂತು. ಅದರ ಎರಡನೇ ಭಾಗ ಹೊರಗೆ ಬರಲೇ ಇಲ್ಲ. ಮೊದಲ ಭಾಗದಲ್ಲಿ ಉಳಿದಿದ್ದ ಎಷ್ಟೋ ಬಗ್‌ಗಳನ್ನು ಆಡುವವರೇ ಪ್ಯಾಚ್ ಮಾಡಿ ತೆಗೆದರು. ಆಮೇಲೆ ಅದೇ ರೂಟ್‌ಗಳು ಓಡುವ ಹಾಗೆ ಓಪನ್ ರೈಲ್ಸ್ ಅನ್ನುವ ಉಚಿತ ಸಿಮ್ಯುಲೇಟರ್ ಕಟ್ಟಿದರು. ನಮ್ಮ ದೇಶದ ರೈಲು ಹುಚ್ಚಿನವರೂ ಇವುಗಳಿಗಾಗಿ ಭಾರತದ ಎಂಜಿನ್, ಬೋಗಿ, ರೂಟ್‌ಗಳನ್ನು ಮಾಡಿ ಹಂಚಿಕೊಂಡಿದ್ದಾರೆ. ಓಪನ್ ರೈಲ್ಸ್ ಸಂಬಳ ಇಲ್ಲದೆ ಬಿಡುವಿನಲ್ಲಿ ಮಾಡುವ ಕೆಲಸ, ಹಾಗಾಗಿ ಅಲ್ಲೂ ಬಗ್ ಸರಿಯಾಗಲು ತಡ ಆಗುತ್ತದೆ. ಆದರೆ ಬಗ್‌ಗಳ ಪಟ್ಟಿ ಎಲ್ಲರಿಗೂ ಕಾಣುತ್ತದೆ. ನಿಮ್ಮ ಬಗ್ ಎಲ್ಲಿಗೆ ಬಂತು ಅಂತ ನೀವೇ ನೋಡಬಹುದು. ದುಡ್ಡು ತಗೊಳ್ಳುವ ಕಂಪನಿಗಳಿಂದ ಇಷ್ಟನ್ನಾದರೂ ಕೇಳುವುದು ದುರಾಸೆ ಅಲ್ಲ.

ಸರಿ, ನೀವು ಏನು ಮಾಡಬಹುದು? ದೂರನ್ನು ಇನ್ನೊಂದು ಸಲ ಬರೆಯಿರಿ, ಆದರೆ ಹೀಗೆ: "ಗೇಮ್ ವರ್ಷನ್ ಇಷ್ಟು. ಪಿಸಿ. ಇಂಥ ರೂಟ್, ಇಂಥ ಟೈಮ್‌ಟೇಬಲ್, ಬೆಳಿಗ್ಗೆ 7:10ರ ಗೂಡ್ಸ್. ದೋಣಿಗಲ್‌ಗೆ 6 ನಿಮಿಷ ತಡವಾಗಿ ಬಂದೆ. ಲೂಪ್ ಲೈನ್‌ನಲ್ಲಿ ನಿಂತೆ. ಸ್ಟಾರ್ಟರ್ 40 ನಿಮಿಷ ಕಾದರೂ ಕೆಂಪು. ಮ್ಯಾಪ್‌ನಲ್ಲಿ ಕಡಗರವಳ್ಳಿಯಲ್ಲಿ ಎರಡು ಗಾಡಿ ನಿಂತಿವೆ. ಟೈಮಿಗೆ ಸರಿಯಾಗಿ ಬಂದರೆ ಈ ತೊಂದರೆ ಇಲ್ಲ. ಮಾಡ್ ಎಲ್ಲ ತೆಗೆದು ನೋಡಿದ್ದೇನೆ, ಹಾಗೇ ಆಗುತ್ತದೆ." ಜೊತೆಗೆ ಮ್ಯಾಪ್‌ನ ಸ್ಕ್ರೀನ್‌ಶಾಟ್, ಗೇಮ್ ತಾನೇ ಬರೆದಿಡುವ ಲಾಗ್ ಫೈಲ್. ಓಪನ್ ರೈಲ್ಸ್ ಆದರೆ ಲಾಗ್ ಫೈಲ್ ಸಾಮಾನ್ಯವಾಗಿ ಡೆಸ್ಕ್‌ಟಾಪ್‌ನಲ್ಲೇ ಸಿಗುತ್ತದೆ. ಮಾಡ್ (ಹೊರಗಿನವರು ಮಾಡಿದ, ನೀವು ಗೇಮ್‌ಗೆ ಸೇರಿಸಿಕೊಂಡ ಬದಲಾವಣೆ) ತೆಗೆದು ನೋಡಿದ್ದನ್ನು ಮರೆಯದೆ ಬರೆಯಿರಿ, ಇಲ್ಲದಿದ್ದರೆ ಅದನ್ನೇ ಕಾರಣ ಮಾಡಿ ಪಕ್ಕಕ್ಕಿಡುವುದು ಸುಲಭ. ಅದೇ ತೊಂದರೆ ಇರುವ ಗೆಳೆಯರಿಗೂ ಹೀಗೇ ಬರೆಯಲು ಹೇಳಿ. ಬೈದು ಬರೆದ ನೂರು ದೂರಿಗಿಂತ ಇಂಥ ಐದು ದೂರು ಬೇಗ ಕೆಲಸ ಮಾಡಿಸುತ್ತವೆ. ಅಲ್ಲಿ ದೂರು ಓದುವ ಹುಡುಗ ಹುಡುಗಿಯರ ಕೈಯಲ್ಲಿ ಕಂಪನಿಯ ತೀರ್ಮಾನ ಇರುವುದಿಲ್ಲ, ಅವರನ್ನು ಬೈದು ಫಲ ಇಲ್ಲ.

ರೀಫಂಡ್ ಬಗ್ಗೆಯೂ ತಿಳಿದಿರಲಿ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ತಗೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆಡ್-ಆನ್ ಆದರೆ ಅದನ್ನು ತಗೊಂಡ ಮೇಲೆ ಗೇಮ್ ಎಷ್ಟು ಹೊತ್ತು ಆಡಿದ್ದೀರಿ ಅನ್ನುವುದು ಲೆಕ್ಕ. ರೈಲಿನ ಗೇಮ್‌ನಲ್ಲಿ ಒಂದು ಗಾಡಿ ಓಡಿಸುವಷ್ಟರಲ್ಲಿ ಆ ಎರಡು ಗಂಟೆ ಮುಗಿದುಬಿಡುತ್ತದೆ. ಹಾಗಾಗಿ ಹೊಸ ರೂಟ್ ತಗೊಂಡ ದಿನ ಪೂರ್ತಿ ಓಟಕ್ಕೆ ಕೂರಬೇಡಿ. ಒಂದು ಚಿಕ್ಕ ಓಟ ಮಾಡಿ, ಸೇವ್ ಮಾಡಿ ಮತ್ತೆ ತೆರೆದು ನೋಡಿ, ಬೇಕಂತಲೇ ತಡ ಮಾಡಿ ಒಂದು ಸಿಗ್ನಲ್ ದಾಟಿ ನೋಡಿ. ಒಂದು ಗಂಟೆಯಲ್ಲಿ ಇಷ್ಟು ಆಗುತ್ತದೆ.

ನೀವು ಹೇಳಿದ ಆ ಹೊಸ ರೂಟ್ ಇದೆಯಲ್ಲ, ಅದನ್ನು ಈಗಲೇ ತಗೊಳ್ಳಬೇಡಿ. ಹಳೆಯ ಸಿಗ್ನಲ್‌ಗೆ ಪ್ಯಾಚ್ ಬಂದ ಮೇಲೆ ತಗೊಳ್ಳುತ್ತೇನೆ ಅಂತ ಅವರಿಗೇ ಬರೆಯಿರಿ, ಅದೇ ದೂರಿನ ಕೊನೆಯ ಸಾಲಿನಲ್ಲಿ.