2/5ಕ್ಕೆ 1/5 ಕೂಡಿಸಿದರೆ ಕೆಳಗಿನ 5 ಯಾಕೆ 10 ಆಗುವುದಿಲ್ಲ?

ಓದುಗರ ಪ್ರಶ್ನೆ: ಮಗಳು ಕೊಪ್ಪಳದಲ್ಲಿ ಆರನೇ ತರಗತಿ ಓದುತ್ತಿದ್ದಾಳೆ. 2/5 + 1/5 ಕೊಟ್ಟರೆ 3/10 ಅಂತ ಬರೆಯುತ್ತಾಳೆ. "ಮೇಲಿನವು ಕೂಡಿಸಿದ ಮೇಲೆ ಕೆಳಗಿನವೂ ಕೂಡಿಸಬೇಕಲ್ವಾ?" ಅಂತಾಳೆ. ಛೇದ ಹಾಗೇ ಇರಬೇಕು ಅನ್ನುವುದು ನನಗೆ ಗೊತ್ತು, ಯಾಕೆ ಅಂತ ಹೇಳಿಕೊಡೋಕೆ ಬರುತ್ತಿಲ್ಲ. ಸಂಖ್ಯಾರೇಖೆಯ ಮೇಲೆ ಮಾಡಿಸಿ ಅಂತ ಟೀಚರ್ ಹೇಳಿದ್ದಾರೆ. ಹೇಗೆ ಮಾಡಿಸಲಿ?

ಉತ್ತರ: ಮಗಳನ್ನು ಬೈಯಬೇಡಿ. ಅವಳು ಕೇಳುತ್ತಿರುವುದು ಒಳ್ಳೆಯ ಪ್ರಶ್ನೆ, ಅದಕ್ಕೆ ಒಂದು ಕಾರಣವೂ ಇದೆ. ಅವಳ ಟೆಸ್ಟ್ ಪೇಪರ್ ತೆಗೆದು ನೋಡಿ. ಮೊದಲ ಪ್ರಶ್ನೆಗೆ ಐದಕ್ಕೆ ಎರಡು ಅಂಕ ಬಂದರೆ 2/5 ಅಂತ ಬರೆದಿರುತ್ತಾರೆ. ಎರಡನೆಯದಕ್ಕೆ ಒಂದು ಬಂದರೆ 1/5. ಕೊನೆಗೆ ಒಟ್ಟು 3/10. ಅಲ್ಲಿ ಅದು ಸರಿ. ಎರಡು ಪ್ರಶ್ನೆ ಸೇರಿದಾಗ ಒಟ್ಟು ಅಂಕವೇ ಐದರಿಂದ ಹತ್ತಕ್ಕೆ ಹೋಯಿತಲ್ಲ! ಮಕ್ಕಳು ದಿನಾ ನೋಡುವುದು ಇದನ್ನೇ. ಲೆಕ್ಕದ ಪುಸ್ತಕದಲ್ಲಿ ಅದೇ ಗೆರೆ, ಅದೇ ಅಂಕಿ ಕಂಡರೆ ಕೈ ತಾನಾಗಿ ಹಾಗೇ ಬರೆಯುತ್ತದೆ. ಆದರೆ ಪುಸ್ತಕದ ಲೆಕ್ಕದಲ್ಲಿ ಇಡೀ ವಸ್ತು ಒಂದೇ. ಅದು ಎರಡಾಗುವುದಿಲ್ಲ. ಈ ವ್ಯತ್ಯಾಸವನ್ನು ಬಾಯಲ್ಲಿ ಹೇಳಿದರೆ ಸಾಲದು, ಕಣ್ಣಿಗೆ ಕಾಣಬೇಕು. ಸಂಖ್ಯಾರೇಖೆ ಇರುವುದೇ ಅದಕ್ಕೆ.

ಒಂದು ಸಂಖ್ಯಾರೇಖೆ ನಿಮ್ಮ ಊರಿನ ರಸ್ತೆ ಪಕ್ಕದಲ್ಲೇ ಇದೆ. ಕುಷ್ಟಗಿ ಕಡೆಗೋ ಗಂಗಾವತಿ ಕಡೆಗೋ ಬೈಕಿನಲ್ಲಿ ಹೋಗುವಾಗ ಮಗಳಿಗೆ ತೋರಿಸಿ. ನಮ್ಮ ಹೆದ್ದಾರಿಗಳಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಚಿಕ್ಕ ಕಲ್ಲುಗಳನ್ನು ನೆಡುವ ಪದ್ಧತಿ ಇದೆ. 200 ಮೀಟರಿಗೊಂದು. ಅವುಗಳ ಮೇಲೆ 2, 4, 6, 8 ಅಂತ ಬರೆದಿರುತ್ತದೆ. ಕೆಲವು ಮಣ್ಣಲ್ಲಿ ಹೂತು ಹೋಗಿರಬಹುದು, ಕೆಲವನ್ನು ಬಳ್ಳಾರಿ ಜಾಲಿ ಮುಚ್ಚಿರಬಹುದು. ರಸ್ತೆ ಅಗಲ ಮಾಡುವಾಗ ಕಿತ್ತು ಹೋದವೂ ಉಂಟು. ಒಂದು ಸಾಲು ಪೂರ್ತಿ ಸಿಕ್ಕಿದರೂ ಸಾಕು, ಗಾಡಿ ನಿಲ್ಲಿಸಿ.

ಈಗ ಲೆಕ್ಕ ಹಾಕಿ. 1 ಕಿಲೋಮೀಟರ್ ಅಂದರೆ 1000 ಮೀಟರ್. ಒಂದೊಂದು ತುಂಡು 200 ಮೀಟರ್. ಅಂದರೆ ಐದು ಸಮ ಭಾಗ, ಒಂದು ಭಾಗ 1/5 ಕಿಲೋಮೀಟರ್. ಮೊದಲ ಕಿಲೋಮೀಟರ್ ಕಲ್ಲನ್ನು 0 ಅಂದುಕೊಂಡರೆ 2 ಅಂತ ಬರೆದ ಕಲ್ಲು 1/5, 4 ಅಂತ ಬರೆದದ್ದು 2/5. 2/5ರ ಹತ್ತಿರ ಮಗಳನ್ನು ನಿಲ್ಲಿಸಿ. ಅಲ್ಲಿಂದ ಇನ್ನೊಂದು 1/5 ಮುಂದೆ ಹೋದರೆ ಎಲ್ಲಿಗೆ ಬರುತ್ತಾಳೆ? 6ನೇ ಕಲ್ಲಿಗೆ, ಅಂದರೆ 3/5. ನಡೆದದ್ದು 400 ಮೀಟರ್, ಮೇಲೆ 200 ಮೀಟರ್, ಒಟ್ಟು 600.

ಅವಳ ಉತ್ತರ 3/10 ಆಗಿತ್ತಲ್ಲ. 3/10 ಕಿಲೋಮೀಟರ್ ಅಂದರೆ 300 ಮೀಟರ್. ಆದರೆ ಅವಳು ಹೊರಟಿದ್ದೇ 400 ಮೀಟರಿನಿಂದ! ಮುಂದಕ್ಕೆ ನಡೆದವಳು ಹಿಂದಕ್ಕೆ ಬರೋದು ಹೇಗೆ? ಈ ಒಂದು ಪ್ರಶ್ನೆಯನ್ನು ಅವಳ ಬಾಯಿಂದಲೇ ಬರಿಸಿ. "ಛೇದವನ್ನು ಕೂಡಿಸಬಾರದು" ಅಂತ ನೂರು ಸಲ ಬರೆಸುವುದಕ್ಕಿಂತ ಇದು ಚೆನ್ನಾಗಿ ನಾಟುತ್ತದೆ. ಕೆಳಗಿನ 5 ಹೇಳುವುದು ಒಂದು ಹೆಜ್ಜೆ ಎಷ್ಟು ಉದ್ದ ಅನ್ನುವುದನ್ನು. ಮೇಲಿನ ಅಂಕಿ ಎಷ್ಟು ಹೆಜ್ಜೆ ಅನ್ನುವುದನ್ನು. ಎರಡು ಹೆಜ್ಜೆ ಇಟ್ಟು ಮತ್ತೊಂದು ಇಟ್ಟರೆ ಮೂರು ಹೆಜ್ಜೆ. ಹೆಜ್ಜೆಯ ಉದ್ದ ಯಾಕೆ ಬದಲಾಗಬೇಕು?

ರಸ್ತೆಯಲ್ಲೇ ಇನ್ನೊಂದು ವಿಷಯ ಕಾಣುತ್ತದೆ, ಇದರಲ್ಲಿ ತುಂಬಾ ಮಕ್ಕಳು ಎಡವುತ್ತಾರೆ. ನಡುವೆ ಇರುವ ಚಿಕ್ಕ ಕಲ್ಲುಗಳು ಎಷ್ಟು? ನಾಲ್ಕು. ಭಾಗಗಳು ಎಷ್ಟು? ಐದು. ನೋಟ್‌ಬುಕ್ಕಿನಲ್ಲಿ "ಐದು ಭಾಗ ಮಾಡು" ಅಂದರೆ ಮಕ್ಕಳು 0 ಮತ್ತು 1ರ ನಡುವೆ ಐದು ಗೀಟು ಹಾಕುತ್ತಾರೆ. ಆಗ ಆರು ಭಾಗ ಆಗುತ್ತವೆ, ಲೆಕ್ಕ ಪೂರ್ತಿ ಕೆಡುತ್ತದೆ. ಇನ್ನು ಕೆಲವರು 0ಯ ಗೀಟನ್ನೇ "ಒಂದು" ಅಂತ ಎಣಿಸಲು ಶುರು ಮಾಡುತ್ತಾರೆ, ಒಂದು ಹೆಜ್ಜೆ ಕಡಿಮೆ ಬೀಳುತ್ತದೆ. ಎಣಿಸಬೇಕಾದದ್ದು ಗೀಟುಗಳ ನಡುವಿನ ಜಾಗ. ಮಗಳು ಸಂಖ್ಯಾರೇಖೆ ಮೇಲೆ ತಪ್ಪು ಮಾಡಿದರೆ ಮೊದಲು ಇದನ್ನೇ ನೋಡಿ.

ಮನೆಯಲ್ಲಿ ಮಾಡಿಸುವುದು ಸುಲಭ. ಕಂಪಾಸ್ ಬಾಕ್ಸಿನ 15 ಸೆಂ.ಮೀ. ಸ್ಕೇಲ್ ಇಟ್ಟು ಗೆರೆ ಎಳೆಯಿರಿ. 0 ಸೆಂ.ಮೀ. ಹತ್ತಿರ 0, 10 ಸೆಂ.ಮೀ. ಹತ್ತಿರ 1 ಬರೆಯಿರಿ. 2 ಸೆಂ.ಮೀ.ಗೆ ಒಂದರಂತೆ ಗೀಟು ಹಾಕಿ. ಒಂದೊಂದು ಹೆಜ್ಜೆ 1/5 ಆಯಿತು. ಗೆರೆಯನ್ನು 1ರ ಹತ್ತಿರ ನಿಲ್ಲಿಸಬೇಡಿ, 14 ಸೆಂ.ಮೀ.ವರೆಗೂ ಹೋಗಲಿ. ಪೆನ್ಸಿಲ್ಲನ್ನು ಗೀಟಿನಿಂದ ಗೀಟಿಗೆ ಕಮಾನಿನಂತೆ ಹಾರಿಸುತ್ತಾ ಹೋಗಲಿ. ಎರಡನೇ ಸಂಖ್ಯೆಯ ಹಾರಿಕೆ ಮೊದಲನೆಯದು ಮುಗಿದ ಜಾಗದಿಂದ ಶುರುವಾಗಬೇಕು. ಮತ್ತೆ 0ಗೆ ಓಡಿ ಹೋಗುವ ಮಕ್ಕಳೂ ಇದ್ದಾರೆ.

ಗೆರೆಯನ್ನು ಮುಂದೆ ಎಳೆಯಲು ಹೇಳಿದ್ದು ಯಾಕೆ ಅಂದರೆ, 4/5 + 3/5 ಮಾಡಿದಾಗ ಪೆನ್ಸಿಲ್ 1ನ್ನು ದಾಟುತ್ತದೆ. ನಿಲ್ಲುವುದು 7/5ರಲ್ಲಿ, ಸ್ಕೇಲಿನ 14 ಸೆಂ.ಮೀ.ಗೆ. 1 ದಾಟಿ ಎರಡು ಹೆಜ್ಜೆ, ಹಾಗಾಗಿ ಒಂದು ಪೂರ್ಣ ಎರಡರ ಐದಂಶ. ವಿಷಮ ಭಿನ್ನರಾಶಿಯನ್ನು ಮಿಶ್ರ ಭಿನ್ನರಾಶಿ ಮಾಡುವ ನಿಯಮ ಬಾಯಿಪಾಠ ಇಲ್ಲದೆಯೇ ಇಲ್ಲಿ ಸಿಕ್ಕಿಬಿಡುತ್ತದೆ.

ಕಳೆಯುವುದು ಅಂದರೆ ಹಿಂದಕ್ಕೆ ಹಾರುವುದು. 4/5 − 3/5ಕ್ಕೆ 4/5ರಲ್ಲಿ ನಿಂತು ಎಡಕ್ಕೆ ಮೂರು ಹೆಜ್ಜೆ, 1/5ಕ್ಕೆ ಬಂದಳು. ಒಂದು ಮಾತು ಇಲ್ಲಿ ಕೇಳಿ ನೋಡಿ: "ಕೆಳಗಿನವನ್ನೂ ಕಳೆದರೆ ಏನು ಬರುತ್ತೆ?" 5 − 5 ಅಂದರೆ 0. ಛೇದದಲ್ಲಿ ಸೊನ್ನೆ ಇಟ್ಟರೆ ಅದಕ್ಕೆ ಅರ್ಥವೇ ಇಲ್ಲ. ಹಾಗಾಗಿ ಕಳೆಯುವಾಗ ಎಷ್ಟೋ ಮಕ್ಕಳು ತಾವಾಗಿಯೇ ಛೇದವನ್ನು ಮುಟ್ಟುವುದಿಲ್ಲ. ಕಳೆಯುವಾಗ ಬಿಟ್ಟದ್ದನ್ನು ಕೂಡಿಸುವಾಗಲೂ ಬಿಡಬೇಕು ಅಂತ ಅವಳಿಗೇ ಹೊಳೆಯಲಿ, ನೀವು ಹೇಳಬೇಡಿ.

ಛೇದ ಬೇರೆ ಬೇರೆ ಇದ್ದರೆ, ಉದಾಹರಣೆಗೆ 1/2 + 1/5, ಎರಡರ ಹೆಜ್ಜೆ ಉದ್ದ ಬೇರೆ. ಮೊದಲು ಇಬ್ಬರಿಗೂ ಒಂದೇ ಉದ್ದದ ಹೆಜ್ಜೆ ಹುಡುಕಬೇಕು: 5/10 + 2/10. ಅದಕ್ಕೆ ಲ.ಸಾ.ಅ. (ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಬಳಸುವ ದಾರಿಯನ್ನು 9ನೇ ಶತಮಾನದಲ್ಲೇ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಬರೆದಿಟ್ಟಿದ್ದಾರೆ. ಅದು ಮುಂದಿನ ಪಾಠ. ಸಮಛೇದದ್ದು ಗಟ್ಟಿ ಆಗುವವರೆಗೆ ಅದಕ್ಕೆ ಹೋಗುವ ಅವಸರ ಬೇಡ.

ಇವತ್ತು ಸಂಜೆಗೆ ಒಂದು ಲೆಕ್ಕ ಕೊಡಿ: 3/5 + 3/5 + 1/5 − 2/5. ಸ್ಕೇಲ್ ಪಕ್ಕದಲ್ಲಿ ಇರಲಿ. ಹಾರುತ್ತಾ ಹೋದರೆ ಪೆನ್ಸಿಲ್ 3/5, 6/5, 7/5 ಮುಟ್ಟಿ, ಹಿಂದೆ ಬಂದು 5/5ರಲ್ಲಿ ನಿಲ್ಲಬೇಕು. ಅಂದರೆ ಸರಿಯಾಗಿ 1ರ ಮೇಲೆ, 10 ಸೆಂ.ಮೀ. ಹತ್ತಿರ. ಛೇದವನ್ನೂ ಕೂಡಿಸಿ ಕಳೆದರೆ 5/10 ಬರುತ್ತದೆ, ಅದು ಅರ್ಧ, 5 ಸೆಂ.ಮೀ. ಜಾಗ. ಅವಳು ಹಾಗೆ ಬರೆದರೆ ತಪ್ಪು ಅನ್ನಬೇಡಿ. ಪೆನ್ಸಿಲ್ ಎಲ್ಲಿ ನಿಂತಿದೆ, ನೀನು ಬರೆದ ಉತ್ತರ ಎಲ್ಲಿದೆ, ಎರಡನ್ನೂ ಗೆರೆ ಮೇಲೆ ತೋರಿಸು ಅಂತ ಕೇಳಿ.