ಎತ್ತಿನಹೊಳೆ ಕಣಿವೆ: ಒಂದು ಯೋಜನೆಗೆ ಅಹವಾಲು ಸಭೆ, ಇನ್ನೊಂದಕ್ಕೆ ಯಾಕಿಲ್ಲ?

ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ. ಸಕಲೇಶಪುರದ ಕಾಡಲ್ಲಿ ಹುಟ್ಟುವ ಈ ತೊರೆಗಳ ನೀರು ಗುಂಡ್ಯ ಹೊಳೆಯಾಗಿ ಘಾಟಿ ಇಳಿದು, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಈ ನೀರಿನ ಮೇಲೆ ಎರಡು ದೊಡ್ಡ ಯೋಜನೆಗಳ ಕಣ್ಣು ಬಿತ್ತು. ಮೊದಲನೆಯದಕ್ಕೆ ಊರವರನ್ನು ಕರೆದು ಕೇಳಿದರು. ಎರಡನೆಯದಕ್ಕೆ ಕೇಳಲೇಬೇಕು ಅನ್ನುವ ನಿಯಮವೇ ಇರಲಿಲ್ಲ.

ಪರಿಸರದ ಮೇಲಿನ ಪರಿಣಾಮವನ್ನು ಮೊದಲೇ ಅಂದಾಜು ಮಾಡಬೇಕು ಅಂತ ಕೇಂದ್ರ ಸರ್ಕಾರ ಕಡ್ಡಾಯ ಮಾಡಿದ್ದು 1994ರಲ್ಲಿ. 1997ರಲ್ಲಿ ಅದಕ್ಕೆ ಊರವರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆಯೂ ಸೇರಿತು. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ. ಸಭೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಡಿಸಿ ಅವರದು ಅಥವಾ ಅವರ ಪರವಾಗಿ ಬರುವ ಹಿರಿಯ ಅಧಿಕಾರಿಯದು. 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪರಿಣಾಮದ ಅಂದಾಜು ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆ ಮುಗಿಯುವ ಮೊದಲು ಜನ ಹೇಳಿದ್ದನ್ನೆಲ್ಲ ಬರೆದು, ಅಲ್ಲೇ ಜೋರಾಗಿ ಓದಿ ಹೇಳಬೇಕು. ಡಿಸಿ ಅವತ್ತೇ ಸಹಿ ಹಾಕಬೇಕು. ಇಲ್ಲಿ ಮತದಾನ ಇಲ್ಲ, ಊರಿಗೆ ಊರೇ ಬೇಡ ಅಂದರೂ ಯೋಜನೆ ತಾನಾಗಿ ನಿಲ್ಲುವುದಿಲ್ಲ. ಆದರೂ ಮಾತು ದಾಖಲೆಯಾಗುತ್ತದೆ. ಅದು ಸಣ್ಣ ವಿಷಯ ಅಲ್ಲ.

ಗುಂಡ್ಯ ಜಲವಿದ್ಯುತ್ ಯೋಜನೆ ಈ ದಾರಿಯಲ್ಲೇ ಬಂತು. ಕರ್ನಾಟಕ ವಿದ್ಯುತ್ ನಿಗಮ ಬೆಟ್ಟಕುಮರಿಯಲ್ಲಿ ಅಣೆಕಟ್ಟು ಕಟ್ಟಿ, ಮೊದಲ ಹಂತದಲ್ಲಿ 200 ಮೆಗಾವಾಟ್ ಉತ್ಪಾದಿಸಲು ಹೊರಟಿತ್ತು. 2008ರ ಜೂನ್‌ನಲ್ಲಿ ಹೊಂಗಡಹಳ್ಳದಲ್ಲಿ, 2009ರ ಮಾರ್ಚ್‌ನಲ್ಲಿ ದಕ್ಷಿಣ ಕನ್ನಡದ ಶಿರಿಬಾಗಿಲಿನಲ್ಲಿ ಅಹವಾಲು ಸಭೆ ನಡೆಯಿತು. ತಕರಾರು ದೆಹಲಿವರೆಗೂ ಹೋಯಿತು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ತಜ್ಞರ ಸಮಿತಿ 2010ರಲ್ಲಿ ಇಲ್ಲಿಗೇ ಬಂದು ನೋಡಿತು. ಇಲ್ಲಿನ ಕೆಂಪುಹೊಳೆ ಆಸುಪಾಸಿನಿಂದಲೇ 1986ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಒಂದು ಪುಟ್ಟ ಕಪ್ಪೆಗೆ ಗುಂಡ್ಯದ ಹೆಸರೇ ಇದೆ. ಯೋಜನೆಗೆ ಅನುಮತಿ ಬೇಡ ಅಂತ ಸಮಿತಿ 2011ರಲ್ಲಿ ಹೇಳಿತು. ಆ ವರದಿಯನ್ನು ಮತ್ತೆ ಪರಿಶೀಲಿಸಿದ ಕಸ್ತೂರಿ ರಂಗನ್ ಸಮಿತಿ 2013ರಲ್ಲಿ ಅಷ್ಟು ಬಿಗಿಯಾಗಿ ಹೇಳಲಿಲ್ಲ. ಕೆಳಗೆ ಹರಿಯುವ ನೀರಿನ ಲೆಕ್ಕ ಮತ್ತೆ ಹಾಕಿ, ಅಲ್ಲಿವರೆಗೆ ಮುಂದುವರಿಯಬೇಡಿ ಅಂದಿತು.

ಅಷ್ಟರಲ್ಲಿ ಈ ನೀರನ್ನು ಕೋಲಾರದ ಕಡೆಯ ಬರದ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆ ಬಂತು. 2014ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ. ಬಹುಪಾಲು ಅದೇ ತೊರೆಗಳು, ಎಂಟು ಒಡ್ಡುಗಳು, 24.01 ಟಿಎಂಸಿ ನೀರು. ಇದಕ್ಕೆ ಅಹವಾಲು ಸಭೆ ಬೇಕಾಗಲಿಲ್ಲ. 2006ರ ಅಧಿಸೂಚನೆಯ ಪಟ್ಟಿಯಲ್ಲಿ ಜಲವಿದ್ಯುತ್ ಇದೆ, ನೀರಾವರಿ ಇದೆ, ಕುಡಿಯುವ ನೀರು ಇಲ್ಲ! ಯೋಜನೆಯ ಲೆಕ್ಕದಲ್ಲೇ ಕುಡಿಯಲು ಅಂತ ಇಟ್ಟಿದ್ದು ಸುಮಾರು 14 ಟಿಎಂಸಿ. ಉಳಿದ ಸುಮಾರು 10 ಟಿಎಂಸಿ 527 ಕೆರೆ ತುಂಬಿಸಲು. ಹಾಗಾದರೆ ಇದು ಬರೀ ಕುಡಿಯುವ ನೀರಿನ ಯೋಜನೆಯಾ ಅಂತ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನೆ ಎದ್ದಿತು, ಆದರೆ ಯೋಜನೆ ನಿಲ್ಲಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು.

ಕೋಲಾರದವರ ಬಾಯಾರಿಕೆ ಸುಳ್ಳಲ್ಲ. ಫ್ಲೋರೈಡ್ ನೀರು ಕುಡಿದು ಬದುಕಿದವರಿಗೆ ಮಲೆನಾಡಿನವರು ನೀರು ಕೊಡಬೇಡಿ ಅನ್ನುವುದು ಸರಿಯೂ ಅಲ್ಲ. ನನ್ನ ತಕರಾರು ಇರುವುದು ಪರೀಕ್ಷೆಯ ಕ್ರಮದ ಬಗ್ಗೆ. ಕಾಡು ಅದೇ, ಆನೆ ಓಡಾಡುವ ದಾರಿ ಅದೇ, ಹೊಳೆ ಅದೇ. ಅರ್ಜಿಯ ಮೇಲಿನ ಹೆಸರು ಬದಲಾದ ಕೂಡಲೇ ಊರವರನ್ನು ಕೇಳುವ ಬಾಧ್ಯತೆ ಹೇಗೆ ಹೋಗುತ್ತದೆ? ಕಿರು ಜಲವಿದ್ಯುತ್ ಕಥೆಯೂ ಹೀಗೇ. 25 ಮೆಗಾವಾಟ್‌ಗಿಂತ ಕಡಿಮೆ ಇದ್ದರೆ ಈ ಪರೀಕ್ಷೆ ಇಲ್ಲ. ಒಂದೇ ಹೊಳೆಗೆ ಸಾಲಾಗಿ ನಾಲ್ಕು ಬಂದರೂ ಒಂದೊಂದನ್ನೂ ಬಿಡಿಯಾಗಿಯೇ ನೋಡುತ್ತಾರೆ.

ಗುಂಡ್ಯ ಬೇಡ ಅಂದ ಮಲೆನಾಡಿನಲ್ಲೇ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿ ಅಲ್ಲಿ ಕೆಲವು ಚಟುವಟಿಕೆಗೆ ಕಡಿವಾಣ ಹಾಕಿ ಅನ್ನುವ ಕಸ್ತೂರಿ ರಂಗನ್ ವರದಿಗೂ ವಿರೋಧ ಜೋರಾಗಿದೆ. ಇದನ್ನು ಇಬ್ಬಂದಿತನ ಅನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಗಾಡ್ಗೀಳ್ ವರದಿಯನ್ನೇ ಸುಮಾರು ಒಂಬತ್ತು ತಿಂಗಳು ಮುಚ್ಚಿಟ್ಟು, ಮಾಹಿತಿ ಆಯೋಗ ಹೇಳಿದ ಮೇಲೆ 2012ರಲ್ಲಿ ಹೊರಗೆ ಬಿಟ್ಟರು. ತೋಟ, ಮನೆ ಏನಾಗುತ್ತದೋ ಅಂತ ಯಾರೂ ಕೂತು ವಿವರಿಸದಿದ್ದರೆ ಜನ ಹೆದರುತ್ತಾರೆ ಅಲ್ವಾ? ಈ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ 2024ರವರೆಗೆ ಆರು ಸಲ ಬಂತು. ಆರನೆಯದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್.

ಇನ್ನು ಮುಂದೆ ಈ ಕಣಿವೆಗೆ ಯಾವ ಯೋಜನೆ ಬಂದರೂ ಇಡೀ ಕುಮಾರಧಾರೆ ಜಲಾನಯನವನ್ನು ಒಟ್ಟಾಗಿ ಲೆಕ್ಕ ಹಾಕಿ ಅಂತ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಅಹವಾಲು ಸಭೆ ಕರೆದರೆ ಕರಡು ವರದಿ ಡಿಸಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ನೋಡಲು ಇಟ್ಟಿರಬೇಕು. ಮೊದಲೇ ಹೋಗಿ ಓದಿ, ತಕರಾರನ್ನು ಬರೆದೇ ಕೊಡಿ.