ಹಸಿರು ಸಿಗ್ನಲ್, ತಿರುಗಿದ ಪಾಯಿಂಟ್

2023ರ ಜೂನ್ 2, ಸಂಜೆ ಏಳರ ಸುಮಾರು. ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ, ಮೇನ್ ಲೈನಿನಿಂದ ಕವಲೊಡೆಯುವ ಲೂಪ್ ಲೈನಿನಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿತ್ತು. ಚೆನ್ನೈಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಗಂಟೆಗೆ 128 ಕಿ.ಮೀ. ವೇಗದಲ್ಲಿ ಮೇನ್ ಲೈನಿನಲ್ಲೇ ದಾಟಬೇಕಿತ್ತು. ಸಿಗ್ನಲ್ ಹಸಿರಿತ್ತು. ಗಾಡಿ ಮಾತ್ರ ಲೂಪಿಗೆ ತಿರುಗಿ ಗೂಡ್ಸಿಗೆ ಗುದ್ದಿತು. ಅದರ ಬೋಗಿಗಳು ಪಕ್ಕದ ಹಳಿಗೆ ಎಗರಿಬಿದ್ದವು. ಅಲ್ಲಿ ಬೆಂಗಳೂರು–ಹೌರಾ ರೈಲು ಬಹುಪಾಲು ದಾಟಿಯಾಗಿತ್ತು. ಕೊನೆಯ ಬೋಗಿಗಳಿಗೆ ಏಟು ಬಿತ್ತು.

290ಕ್ಕೂ ಹೆಚ್ಚು ಜನ ಸತ್ತರು. ಊರಿನ ಹೈಸ್ಕೂಲಿನ ಕೋಣೆಗಳಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದರು. ಆಮೇಲೆ ಅಲ್ಲಿ ಕಾಲಿಡಲು ಮಕ್ಕಳು ಹೆದರಿದರು. ಆ ಕಟ್ಟಡವನ್ನೇ ಕೆಡವಬೇಕಾಯಿತು.

ಹಸಿರು ಇದ್ದೂ ಗಾಡಿ ತಿರುಗಿದ್ದು ಹೇಗೆ? ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಯಾವ ಕಡೆಗಿದೆ ಎಂದು ತಂತಿಗಳ ಮೂಲಕ ತಿಳಿದುಕೊಂಡು, ಅದು ಸರಿಯಿದ್ದರೆ ಮಾತ್ರ ಸಿಗ್ನಲ್ ಬಿಡುವುದು ಇಂಟರ್‌ಲಾಕಿಂಗ್ ವ್ಯವಸ್ಥೆಯ ಕೆಲಸ. ಇಲ್ಲಿ ಆ ತಂತಿಗಳೇ ಸುಳ್ಳು ಹೇಳಿದ್ದವು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ 2018ರವರೆಗೆ ಹಿಂದಕ್ಕೆ ಹೋಯಿತು. ಆಗ ಒಂದು ಸರ್ಕ್ಯೂಟನ್ನು ಬದಲಿಸಿದವರು ಸಿಗ್ನಲ್ ಪೆಟ್ಟಿಗೆಯೊಳಗಿನ ತಂತಿಯ ಹೆಸರುಚೀಟಿಯನ್ನು ತಿದ್ದಿರಲಿಲ್ಲ. ಐದು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅಪಘಾತದ ದಿನ 94ನೇ ಲೆವೆಲ್ ಕ್ರಾಸಿಂಗ್‌ನ ಗೇಟು ಬದಲಿಸುವ ಕೆಲಸ ನಡೆದಿತ್ತು. ತಪ್ಪು ಚೀಟಿ ನಂಬಿ ತಂತಿ ಜೋಡಿಸಿದಾಗ, ಪಾಯಿಂಟ್ ಲೂಪಿಗಿದ್ದರೂ ಅದು ಮೇನ್ ಲೈನಿಗಿದೆ ಎಂದೇ ವ್ಯವಸ್ಥೆಗೆ ಕಂಡಿತು.

ಕಡೆಯ ಗಳಿಗೆಯಲ್ಲಿ ಕೈತಪ್ಪಿದ ಕೆಲಸ ಎಂದು ಇದನ್ನು ತಳ್ಳಿಹಾಕಲು ನನಗಾಗುವುದಿಲ್ಲ. 2022ರ ಮೇ 16ರಂದು ಬಹನಾಗಾ ಇರುವ ಅದೇ ಖರಗ್‌ಪುರ ರೈಲ್ವೆ ವಿಭಾಗದ ಬಾಂಕ್ರಾ ನಯಾಬಾಜ್‌ನಲ್ಲೂ ತಪ್ಪು ವೈರಿಂಗ್ ಆಗಿತ್ತು. ಆಗಲೇ ಸರಿಪಡಿಸಿಕೊಂಡಿದ್ದರೆ ಬಹನಾಗಾ ದುರಂತ ನಡೆಯುತ್ತಿರಲಿಲ್ಲ ಎಂದು ತನಿಖಾ ವರದಿಯೇ ಹೇಳಿದೆ.

ಇನ್ನೊಂದು ಎಚ್ಚರಿಕೆ ನಮ್ಮ ನೆಲದಿಂದಲೇ ಹೋಗಿತ್ತು. 2023ರ ಫೆಬ್ರುವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಬಿಟ್ಟಿತ್ತು, ಪಾಯಿಂಟ್ ಬೇರೆ ಹಳಿಗಿತ್ತು. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು, ಸಿಗ್ನಲ್ ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆ, ತಿದ್ದದಿದ್ದರೆ ದೊಡ್ಡ ಅಪಘಾತವಾದೀತು ಎಂದು ಪತ್ರ ಬರೆದರು. ಅಂದು ಲೋಕೋ ಪೈಲಟ್ ಪಾಯಿಂಟನ್ನು ನೋಡಿ ಗಾಡಿ ನಿಲ್ಲಿಸಿದ್ದರು. ನಾಲ್ಕು ತಿಂಗಳ ಬಳಿಕ, 128ರ ವೇಗದಲ್ಲಿ ಬಂದ ಕೋರಮಂಡಲ್‌ಗೆ ನಿಲ್ಲಲು ಜಾಗವಿರಲಿಲ್ಲ.